ಮೊದಲು ಚಿಮಣಿ, ಆಮೇಲೆ ಒಲೆ

ಒಲೆ ಸೆಪ್ಟೆಂಬರಿನಲ್ಲೇ ಬಂದಿತ್ತು.
ಎರಕದ ಕಬ್ಬಿಣ, ಮೂರು ಜನ ಹೊತ್ತು ತಂದ ಭಾರ,
ಬಾಗಿಲಿಗೆ ಗಾಜು. ರೈವೊ ಅದರ ಮುಂದೆ
ಕುರ್ಚಿ ಎಳೆದುಕೊಂಡು ಕೂತ,
ಬೆಂಕಿಯೇ ಇಲ್ಲದ ಗೂಡನ್ನು ನೋಡುತ್ತ.

ಚಿಮಣಿಗೆಂದು ಅಣ್ಣ ಮೇಲಿಸ್ ತಂದುಕೊಟ್ಟಿದ್ದ
ಐದು ಕೊಳವೆ, ಮುಚ್ಚಿಹೋದ ಬೇಕರಿಯವು.
ಕಿಟಕಿಯ ಒಂದು ಗಾಜು ತೆಗೆದು, ತಗಡು ಬಡಿದು
ಅಲ್ಲಿಂದಲೇ ಹೊರಕ್ಕೆ ಬಿಟ್ಟರಾಯಿತು, ಅಂದ.
ನನಗೂ ಸರಿಯೆನಿಸಿತ್ತು.
ಹೊಗೆ ಅಂದಮೇಲೆ ಹೋಗದೆ ಇರುತ್ತದೆಯೇ?

ಹೆಲ್ಯು ಬಂದಳು, ವೋರು ಜಿಲ್ಲೆಗೆಲ್ಲ ಚಿಮಣಿ ಗುಡಿಸುವವಳು,
ಕಪ್ಪು ಕೋಟಿಗೆ ಹಿತ್ತಾಳೆಯ ಗುಂಡಿ.
(ಆ ಗುಂಡಿ ಮುಟ್ಟಿದರೆ ಅದೃಷ್ಟ ಅನ್ನುತ್ತಾರೆ ನಮ್ಮಲ್ಲಿ;
ಕೋಟು ತೆಗೆದಿಡುವ ನೆಪದಲ್ಲಿ ನಾನು ಎರಡನ್ನು ಮುಟ್ಟಿದೆ.)
ಕೊಳವೆಯೊಂದನ್ನು ಎತ್ತಿ ಬೆರಳಿನಿಂದ ತಟ್ಟಿದಳು.
ಎರಡನೆಯ ಸಲ ಬೆರಳು ಒಳಗೇ ಹೋಯಿತು,
ವಾರದ ಹಳೆಯ ರೊಟ್ಟಿಗೆ ಹೋದ ಹಾಗೆ.
ಅವಳು ಏನೂ ಅನ್ನಲಿಲ್ಲ. ಮೇಲಿಸನೂ.

ಆಮೇಲೆ ಅಟ್ಟ ಹತ್ತಿದಳು, ಹಿಂದೆ ನಾನು, ಟಾರ್ಚು ಹಿಡಿದು.
ತೊಲೆಗೆ ಅಂಗೈ ಒತ್ತಿ ಕೇಳಿದಳು: ಎಷ್ಟು ವರ್ಷದ್ದು?
ನೂರಾ ಹತ್ತು, ಅಂದೆ.
ಅಷ್ಟು ವರ್ಷ ಒಣಗಿದೆ ಇದು. ಕಿಡಿಯೇ ಬೇಕಿಲ್ಲ,
ಬಿಸಿ ತಗಡು ಪಕ್ಕದಲ್ಲಿ ಚಳಿಗಾಲವಿಡೀ ಕೂತರೆ ಸಾಕು,
ಒಂದು ರಾತ್ರಿ ತಾನಾಗಿ ನೆನಪಿಸಿಕೊಳ್ಳುತ್ತದೆ
ತಾನು ಸೌದೆಯೆಂದು.

ಕೊಳವೆಯೊಳಗೊಂದು ಕೊಳವೆ, ನಡುವೆ ಕಲ್ಲಿನ ಉಣ್ಣೆ.
ತೊಲೆಯಿಂದ ಎಷ್ಟು ದೂರವೆಂದು ತಯಾರಿಸಿದವರ ಚೀಟಿ ಹೇಳುತ್ತದೆ,
ನಿಮ್ಮಣ್ಣನ ಅಂದಾಜು ಅಲ್ಲ.
ಮನೆಯ ಒಳಗಿಂದಲೇ ನೆಟ್ಟಗೆ ಮೇಲಕ್ಕೆ ಹೋಗಲಿ.
ಹೊರಗೋಡೆಗೆ ಆತು ನಿಂತ ಚಿಮಣಿ ಚಳಿಗೆ ನಡುಗುತ್ತದೆ,
ತಣ್ಣಗಾದ ಹೊಗೆ ಸುಸ್ತಾಗಿ ಗೋಡೆ ಹಿಡಿದು ಕೂರುತ್ತದೆ,
ಕೂತಲ್ಲೇ ಡಾಂಬರಾಗುತ್ತದೆ.
ಒಲೆಯ ಬಾಯಿ ಎಷ್ಟಗಲವೋ ಅಷ್ಟೇ ಅಗಲ ಅದರ ಗಂಟಲು.
ಮೇಲಿನ ತುಂಡು ಕೆಳಗಿನದರ ಒಳಗೆ ಇಳಿದಿರಬೇಕು;
ಜಿಗುಟು ಒಳಗೊಳಗೇ ಜಾರಿ ಉರಿಗೆ ಬೀಳಲಿ,
ನಿನ್ನ ನೆಲಕ್ಕಲ್ಲ.
ಮಾಡಿನ ನೆತ್ತಿಗಿಂತ ಮೇಲೆ ತಲೆ, ತಲೆಗೊಂದು ಟೊಪ್ಪಿ:
ಕಾಗೆಯ ನೆಂಟರು ವಸಂತಕ್ಕೆ ಬೇರೆ ಮನೆ ಹುಡುಕಿಕೊಳ್ಳಲಿ.

ಬೆಲೆ ಕೇಳಿದೆವು. ಒಲೆಯ ಮೂರು ಪಟ್ಟು.
ರೈವೊ ನಕ್ಕ; ನಗು ಬೇಗ ಮುಗಿಯಿತು.
ಒಲೆಯನ್ನೇ ಮಾರಿಬಿಡಲಾ? ಅಂದ.
ಮಾರಬೇಡ, ಕಾಯಿ, ಅಂದಳು ಹೆಲ್ಯು
ಎಡಗೈಯ ಗವಸು ತೆಗೆಯುತ್ತ.
ಆ ಕೈಯ ಚರ್ಮ ನುಣುಪಾಗಿ ಹೊಳೆಯುತ್ತಿತ್ತು,
ಮೇಣ ಕರಗಿ ಮತ್ತೆ ಗಟ್ಟಿಯಾದಂತೆ.
ಚಿಮಣಿ ಹೊತ್ತಿಕೊಂಡರೆ ರೈಲು ಬಂದ ಸದ್ದು, ಅಂದಳು,
ನಮ್ಮ ಹಳ್ಳಿಗೆ ರೈಲೇ ಇರಲಿಲ್ಲ.
ಅಷ್ಟೇ. ನಾವು ಮುಂದೆ ಕೇಳಲಿಲ್ಲ.

ಆ ಚಳಿಗಾಲ ಕರೆಂಟಿನ ಹೀಟರು, ಕಾಲುಚೀಲ ಎರಡೆರಡು ಜೊತೆ,
ಶನಿವಾರಕ್ಕೆ ಐತಾಳ ಮನೆಯ ಸೌನಾ.
ಒಲೆಯ ಮೇಲೆ ನಾನು ಬೀಗದಕೈ, ಬಿಲ್ಲು, ಸೇಬು ಇಡುತ್ತಿದ್ದೆ.
ಮೇಲಿಸ್ ಮುನಿಸಿಕೊಂಡು ಕ್ರಿಸ್‌ಮಸ್ಸಿಗೆ ಬರಲಿಲ್ಲ.
ಈಸ್ಟರಿಗೆ ಬಂದ, ಏಣಿ ಹೊತ್ತು.

ಚಿಮಣಿ ನಿಂತಿತು, ಬೇಕಾದ ಚಳಿಯೆಲ್ಲ ಮುಗಿದ ಮೇಲೆ.
ಹೆಲ್ಯು ನೋಡಿ, ಜಗ್ಗಿ, ಕಾಗದಕ್ಕೆ ಸಹಿ ಹಾಕಿದಳು.
ಸರಿ, ಹಚ್ಚಿದೆವು. ಎರಡು ವರ್ಷ ಒಣಗಿದ ಬರ್ಚಿನ ಸೀಳು,
ನಿನ್ನೆಯ ಪತ್ರಿಕೆಯ ಒಂದು ಹಾಳೆ.
ಹೊಗೆ ಗಾಜಿಗೆ ಮುಖ ತಾಗಿಸಿ ಕ್ಷಣ ಅನುಮಾನಿಸಿತು,
ಅಪರಿಚಿತರ ಮನೆಯ ಮೆಟ್ಟಿಲ ಬುಡದಲ್ಲಿ ನಿಂತವರಂತೆ.
ಆಮೇಲೆ ಹತ್ತಿತು.

ಸರೋವರದ ಆಚೆಯಿಂದ ಐತಾ ಫೋನು ಮಾಡಿದಳು:
ಹಚ್ಚಿದ್ದೀರಾ? ಹೊಗೆಯೇ ಕಾಣುತ್ತಿಲ್ಲವಲ್ಲ.
ಮೇಲಿಸ್ ಇನ್ನೂ ಅಟ್ಟದಲ್ಲೇ ಇದ್ದ,
ತೊಲೆಗೂ ಕೊಳವೆಗೂ ನಡುವಿನ ಸಂದಿನಲ್ಲಿ ಕೈ ಇಟ್ಟುಕೊಂಡು.
ಹತ್ತು ನಿಮಿಷ. ಇಪ್ಪತ್ತು.
ತೊಲೆ ತಣ್ಣಗಿದೆ! ಎಂದು ಕೂಗಿದ,
ಯಾರನ್ನೋ ಬೈದ ಹಾಗೆ.